ಕುಚ್ಚು ನೋಡಿಕೊಂಡು ಹೆಜ್ಜೆ ಹಾಕಿದ್ದು

ಮೈಸೂರಿನ ಕಾಲೇಜಿನಲ್ಲಿ ಮೂರು ವರ್ಷ ಎನ್‌ಸಿಸಿಯಲ್ಲಿದ್ದೆ. ‘ತೇಜ್ ಚಲ್’ ಅಂದ ಕೂಡಲೇ ಎಡಗಾಲು ತಾನಾಗೇ ಮುಂದೆ ಹೋಗುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಶಿಕಾಗೋ ಹತ್ತಿರದ ಊರಿನಲ್ಲಿ ಷ್ರೈನರ್‌ಗಳ ಪಟ್ರೋಲ್, ಅಂದರೆ ಪರೇಡಿನಲ್ಲಿ ಹೆಜ್ಜೆ ಹಾಕುವ ತಂಡ, ಸೇರಿದೆ. ಕವಾಯತು ಗೊತ್ತಿದೆ, ಕಷ್ಟ ಇಲ್ಲ ಅಂದುಕೊಂಡಿದ್ದೆ. ಮೊದಲ ಸಂಜೆಯೇ ಸಾಲು ಕೆಟ್ಟಿತು.

ಫ್ರೀಮೇಸನ್ನರು ಅಂದರೆ ತಮ್ಮದೇ ವಿಧಿಗಳಿರುವ ಒಂದು ಹಳೇ ಸೋದರ ಸಂಘದವರು. ಷ್ರೈನರ್‌ಗಳದ್ದು ಆ ಬಳಗದೊಳಗಿನ ಇನ್ನೊಂದು ಬಳಗ. ವಾಲ್ಟರ್ ಫ್ಲೆಮಿಂಗ್ ಎಂಬ ವೈದ್ಯರು ಮತ್ತು ವಿಲಿಯಂ ಫ್ಲಾರೆನ್ಸ್ ಎಂಬ ನಟ ಸೇರಿ ಕಟ್ಟಿದ್ದು. ಮೊದಲ ಶಾಖೆ 1872ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಯಿತು. ಸೇರಬೇಕಾದರೆ ಮೊದಲು ಮೇಸನ್ನರ ಮೂರು ಹಂತ ದಾಟಬೇಕು. ದೇವರಲ್ಲಿ ನಂಬಿಕೆ ಇರಬೇಕು, ಯಾವ ದೇವರು ಅಂತ ಯಾರೂ ಕೇಳುವುದಿಲ್ಲ. ತಲೆಗೆ ಕೆಂಪು ಫೆಜ್ ಟೋಪಿ, ಅದಕ್ಕೆ ಕಪ್ಪು ಕುಚ್ಚು. ಪರೇಡಿನಲ್ಲಿ ಪುಟ್ಟ ಕಾರು ಓಡಿಸುವವರದ್ದು ಒಂದು ಗುಂಪು, ಕ್ಲೌನ್‌ಗಳದ್ದು ಒಂದು, ವಾದ್ಯದವರದ್ದು ಒಂದು. ಸಾಲಾಗಿ ಹೆಜ್ಜೆ ಹಾಕುವವರು ನಾವು. ಹಿಂದೆ ಇದನ್ನು ಅರಬ್ ಪಟ್ರೋಲ್ ಅನ್ನುತ್ತಿದ್ದರು, ಕೆಲವು ಕಡೆ ಈಗಲೂ ಅನ್ನುತ್ತಾರೆ. ಅದಕ್ಕೆ ಹಾಕುತ್ತಿದ್ದ ಅರಬ್ ವೇಷ ಬರೀ ಕಲ್ಪನೆಯದ್ದು. ನನಗೆ ಅದು ಇಷ್ಟವಾಗಲಿಲ್ಲ, ಹಾಗಂತ ಹೇಳಿಯೂ ಇದ್ದೆ. ನಮ್ಮ ಗುಂಪಿನಲ್ಲಿ ಸಾದಾ ಸಮವಸ್ತ್ರ ಮತ್ತು ಫೆಜ್ ಸಾಕು ಅಂತಾಯಿತು.

ಹೆಜ್ಜೆಯ ವಿಷಯಕ್ಕೆ ಬರುತ್ತೇನೆ. ಮೂವತ್ತು ಇಂಚಿನ ಹೆಜ್ಜೆ, ನಿಮಿಷಕ್ಕೆ 120. ಇದು ಎನ್‌ಸಿಸಿಯಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಕಾಲು ಹೊಂದಿತು, ಕೈ ಹೊಂದಲಿಲ್ಲ. ನಾವು ಕೈಯನ್ನು ಭುಜದ ಮಟ್ಟಕ್ಕೆ ಬೀಸಿ ಕಲಿತವರು. ಅಮೆರಿಕದ ಪದ್ಧತಿಯಲ್ಲಿ ಮುಂದಕ್ಕೆ ಒಂಬತ್ತು ಇಂಚು, ಹಿಂದಕ್ಕೆ ಆರು, ಅಷ್ಟೇ. ಹಿಂದಕ್ಕೆ ತಿರುಗುವಾಗ ನಾನು ಮೊಣಕಾಲು ಎತ್ತಿ ಧಪ್ ಅಂತ ಕಾಲು ಹಾಕಿದೆ. ಉಳಿದವರು ಬಲಗಾಲಿನ ತುದಿಯನ್ನು ಎಡ ಹಿಮ್ಮಡಿಯ ಹಿಂದೆ ಇಟ್ಟು ಸದ್ದಿಲ್ಲದೆ ತಿರುಗಿದರು. ಮೈಗೆ ಹತ್ತಿದ್ದನ್ನು ಬಿಡಿಸುವುದು ಹೊಸದು ಕಲಿಯುವುದಕ್ಕಿಂತ ಜಾಸ್ತಿ ಕಷ್ಟ ಅಲ್ವಾ? ಎರಡು ತಿಂಗಳು ಗ್ಯಾರೇಜಿನಲ್ಲಿ ಅಭ್ಯಾಸ ಮಾಡಿದೆ. ಎರಡೂ ಕಂಕುಳಲ್ಲಿ ಸುರುಳಿ ಮಾಡಿದ ಪೇಪರ್ ಸಿಕ್ಕಿಸಿಕೊಳ್ಳುತ್ತಿದ್ದೆ. ಕೈ ಜಾಸ್ತಿ ಎತ್ತಿದರೆ ಪೇಪರ್ ಬೀಳುತ್ತಿತ್ತು. ಬಾಗಿಲ ಹತ್ತಿರ ಕೂತು ನನ್ನಾಕೆ ‘ಒಂದು, ಎರಡು’ ಎಣಿಸುತ್ತಿದ್ದಳು.

ಆಮೇಲೆ ಬಂದ ಕಷ್ಟ ಜನ ಕಮ್ಮಿಯಾಗಿದ್ದು. ಗೋಡೆಯ ಹಳೇ ಫೋಟೋದಲ್ಲಿ ನಾಲ್ಕು ನಾಲ್ಕು ಜನರ ಉದ್ದ ಸಾಲುಗಳಿವೆ. ನಾವು ಉಳಿದದ್ದು ಹನ್ನೊಂದು ಮಂದಿ. ಕ್ಯಾಪ್ಟನ್ ಮುಂದೆ, ಬಾವುಟ ಹಿಡಿದವರು ಅವರ ಹಿಂದೆ, ಮಿಕ್ಕ ಒಂಬತ್ತು ಜನ ಮೂರು ಮೂರರಂತೆ. ಮೂಲೆ ತಿರುಗುವಾಗ ಒಳಗಿನವರು ನಿಂತಲ್ಲೇ ಹೆಜ್ಜೆ ಹಾಕಬೇಕು, ಹೊರಗಿನವರು ಪೂರ್ತಿ ಹೆಜ್ಜೆ ಇಡಬೇಕು. ಹೊರಗಿನ ಜಾಗಕ್ಕೆ ಎಪ್ಪತ್ತು ದಾಟಿದವರನ್ನು ನಿಲ್ಲಿಸುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ, ಸುಮ್ನೆ ಜಾಗ ಬದಲಾಗುತ್ತಿತ್ತು.

ಜುಲೈ 4ರ ಪರೇಡಿನಲ್ಲಿ ಮುಂದೊಂದು ಬ್ಯಾಂಡು, ಹಿಂದೊಂದು ಬ್ಯಾಂಡು. ಎರಡು ತಾಳ ಕಿವಿಗೆ ಬಿದ್ದರೆ ಕಾಲು ಗಲಿಬಿಲಿಯಾಗುತ್ತದೆ. ಮುಂದಿನವರ ಕುಚ್ಚು ನೋಡಿ ಅಂತ ಹಿರಿಯರೊಬ್ಬರು ಹೇಳಿಕೊಟ್ಟರು. ಹೆಜ್ಜೆಗೆ ಸರಿಯಾಗಿ ಅದು ಆಡುತ್ತಿರುತ್ತದೆ. ಕಿವಿ ಮರೆತು ಕಣ್ಣಿಂದ ನಡೆದೆ. ಸಾಲು ಉಳಿಯಿತು.

1920ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಷ್ರೈನರ್‌ಗಳ ಮಹಾಸಭೆ ನಡೆಯಿತು. ಮಕ್ಕಳ ಆಸ್ಪತ್ರೆ ಕಟ್ಟೋಣ, ಪ್ರತಿಯೊಬ್ಬರೂ ವರ್ಷಕ್ಕೆ ಎರಡು ಡಾಲರ್ ಕೊಡೋಣ ಅನ್ನುವ ಸಲಹೆ ಅಲ್ಲಿ ಚರ್ಚೆಗೆ ಬಂತು. ಫಾರೆಸ್ಟ್ ಅಡೇರ್ ಎಂಬುವರು ಎದ್ದು ನಿಂತರು. ತಂಡದಿಂದ ತಪ್ಪಿಹೋದ ವಾದ್ಯಗಾರನೊಬ್ಬ ನಸುಕಿನಲ್ಲಿ ತಮ್ಮ ಕಿಟಕಿಯ ಕೆಳಗೆ ನಿಂತು ಊದುತ್ತಿದ್ದದ್ದನ್ನು ಹೇಳಿದರು. ಬ್ಯಾಂಡುಗಳಿಗೆ ಹಣ ಸುರಿದದ್ದಾಯಿತು, ಇನ್ನು ಮನುಷ್ಯರಿಗೆ ಸುರಿಯೋಣ ಅಂದರು. ಸಭೆ ಒಪ್ಪಿತು. 1922ರಲ್ಲಿ ಲೂಯಿಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಮೊದಲ ಆಸ್ಪತ್ರೆ ತೆರೆಯಿತು. ಪಟ್ರೋಲ್ ಸೇರಿದ ಮೇಲೇ ನನಗೆ ಇದು ಗೊತ್ತಾಗಿದ್ದು.

ಒಂದು ಪರೇಡಿನಲ್ಲಿ ರಸ್ತೆ ಪಕ್ಕ ಒಬ್ಬ ಹುಡುಗ ಗಾಲಿಕುರ್ಚಿಯಲ್ಲಿ ಕೂತಿದ್ದ. ತಲೆ ಮೇಲೆ ರಟ್ಟಿನ ಕೆಂಪು ಫೆಜ್. ಕ್ಯಾಪ್ಟನ್ ಬಲಕ್ಕೆ ನೋಡಲು ಆಜ್ಞೆ ಕೊಟ್ಟರು. ಗಣ್ಯರ ವೇದಿಕೆ ಇನ್ನೂ ದೂರ ಇತ್ತು. ಒಂಬತ್ತು ತಲೆಗಳೂ ಹುಡುಗನ ಕಡೆ ತಿರುಗಿದವು.