ಪಂಪು ನಿಲ್ಲಿಸುವ ಮುನ್ನ: ಕ್ರೋಮಿಯಂ ಸೇರಿದ ಅಂತರ್ಜಲದ ಜೊತೆ ನನ್ನ ಅನುಭವ

ಕಲುಷಿತ ನೆಲ-ಜಲ ಶುದ್ಧೀಕರಣದ ಸರ್ಕಾರಿ ವಿಭಾಗದಲ್ಲಿ ಕೆಲಸ ಅಂದಾಗ ಕೇಳಿದವರು ದೊಡ್ಡ ಯಂತ್ರ, ಟ್ಯಾಂಕು, ಮುಖಗವಸು ಹಾಕಿಕೊಂಡ ಜನ ಎಂದೆಲ್ಲ ಊಹಿಸಿಕೊಳ್ಳುತ್ತಾರೆ. ಅದೂ ಉಂಟು. ಆದರೆ ನನ್ನ ಹೆಚ್ಚಿನ ಹೊತ್ತು ಹೋಗುವುದು ಕೊಳವೆ ಬಾವಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೀಟರಿನ ಅಂಕಿ ಒಂದು ಕಡೆ ನಿಲ್ಲಲಿ ಎಂದು ಕಾಯುವುದರಲ್ಲಿ. ಕಾಯ್ದೆ, ಅನುದಾನ, ಟೆಂಡರು, ಕೋರ್ಟಿನ ಆದೇಶ ಎಲ್ಲದಕ್ಕೂ ಕೊನೆಗೆ ಆಧಾರ ನಾನು ಮುಚ್ಚಳ ಬಿಗಿದು ಕಳಿಸುವ ಆ ಬಾಟಲಿ. ಅದೇ ಸರಿಯಿಲ್ಲದಿದ್ದರೆ ಮೇಲೆ ಕಟ್ಟಿದ್ದೆಲ್ಲ ವ್ಯರ್ಥ.

ಇಲ್ಲಿ ಬರೆಯುತ್ತಿರುವುದು ಲೋಹದ ಸಾಮಾನಿಗೆ ಕ್ರೋಮಿಯಂ ಲೇಪ ಕೊಡುತ್ತಿದ್ದ ಹಳೆಯದೊಂದು ಪ್ಲೇಟಿಂಗ್ ಘಟಕದ ಜಾಗದ ಬಗ್ಗೆ. ಕ್ರೋಮಿಕ್ ಆಮ್ಲದ ತೊಟ್ಟಿಗಳು ವರ್ಷಗಟ್ಟಲೆ ಸೋರಿದ್ದವು. ಘಟಕ ಮುಚ್ಚಿದ ಮೇಲೆ ಮಾಲೀಕರು ಕೈಚೆಲ್ಲಿದರು, ನೆಲ ಸರ್ಕಾರದ ತಲೆಗೆ ಬಂತು. ಕೆಡಿಸಿದವರೇ ಖರ್ಚು ಭರಿಸಬೇಕು ಎಂಬ ತತ್ತ್ವ ಕೇಳಲು ಚೆನ್ನ. ಭರಿಸುವವರನ್ನು ಹುಡುಕಿ ಹಿಡಿಯುವ ತನಕ ವಿಷ ಕೂತಲ್ಲೇ ಕೂತಿರುವುದಿಲ್ಲವಲ್ಲ. ಅಮೆರಿಕದಲ್ಲಿ, ಹೂತಿಟ್ಟ ರಾಸಾಯನಿಕ ತ್ಯಾಜ್ಯದ ಮೇಲೆಯೇ ಬಡಾವಣೆ ಎದ್ದಿದ್ದ 1978ರ ಲವ್ ಕೆನಾಲ್ ಪ್ರಕರಣದ ಬೆನ್ನಿಗೆ 1980ರಲ್ಲಿ ಸೂಪರ್‌ಫಂಡ್ ಕಾಯ್ದೆ ಬಂದದ್ದು ಈ ತೊಡಕು ಬಿಡಿಸಲೆಂದೇ: ಮೊದಲು ಸರ್ಕಾರ ಶುದ್ಧ ಮಾಡಲಿ, ಆಮೇಲೆ ಹೊಣೆಗಾರರಿಂದ ವಸೂಲಿ ಮಾಡಲಿ. ವಸೂಲಿಗೆ ಹೋದಾಗ ಎದುರು ಕಡೆಯ ವಕೀಲರು ಮೊದಲು ಕೇಳುವುದು ಸ್ಯಾಂಪಲ್ ರಿಜಿಸ್ಟರನ್ನು. ಯಾರು ತೆಗೆದರು, ಎಷ್ಟು ಹೊತ್ತಿಗೆ, ಬಾಟಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಸೀಲು ಒಡೆದವರಾರು. ವಿಜ್ಞಾನದ ಮಾತು ಅದಾದ ಮೇಲೆ.

ಕ್ರೋಮಿಯಂನಲ್ಲಿ ಒಂದು ಸಾಧು, ಒಂದು ಪೋಕರಿ. ಮೂರರ ವೇಲೆನ್ಸಿಯದು (ವೇಲೆನ್ಸಿ ಅಂದರೆ ಬೇರೆ ಪರಮಾಣುಗಳ ಜೊತೆ ಸೇರುವ ಶಕ್ತಿಯ ಅಂಕಿ) ಸಾಮಾನ್ಯ ಮಣ್ಣಿನಲ್ಲಿ ಹೈಡ್ರಾಕ್ಸೈಡ್ ಆಗಿ ಗಟ್ಟಿಯಾಗಿ ಕೂತುಬಿಡುತ್ತದೆ. ಆರರದು ಕ್ರೋಮೇಟ್ ರೂಪದಲ್ಲಿ ನೀರಿನ ಜೊತೆಯೇ ಹರಿಯುತ್ತದೆ, ವಿಷವೂ ಅದರದ್ದೇ ಹೆಚ್ಚು. ಜಾಸ್ತಿ ಇದ್ದರೆ ನೀರು ಹಳದಿ. ಕಣ್ಣಿಗೆ ಹಳದಿ ಕಂಡಿತೆಂದರೆ, ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಲೀಟರಿಗೆ 50 ಮೈಕ್ರೋಗ್ರಾಂ ಒಟ್ಟು ಕ್ರೋಮಿಯಂ ಎಂಬ ಮಿತಿಯನ್ನು ಅದು ಎಂದೋ ದಾಟಿಯಾಗಿದೆ. ನನಗೆ ಹೆಚ್ಚು ಭಯ ಹಳದಿ ಕಾಣದ ಬಾವಿಗಳದ್ದು. ಹಳದಿ ನೀರನ್ನು ಯಾರೂ ಕುಡಿಯುವುದಿಲ್ಲ. ತಿಳಿ ನೀರನ್ನು ಎಲ್ಲರೂ ಕುಡಿಯುತ್ತಾರೆ.

ಹಾಗಾಗಿ ಪ್ರತಿ ಬಾವಿಯಿಂದ ಎರಡು ಬಾಟಲಿ. ಒಂದು ಒಟ್ಟು ಕ್ರೋಮಿಯಂ ಅಳೆಯಲು. ಅದಕ್ಕೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸುತ್ತೇವೆ. ಇನ್ನೊಂದು ಆರರ ವೇಲೆನ್ಸಿಯದಕ್ಕೆ. ಅದಕ್ಕೆ ಆಮ್ಲ ತಾಗಲೇಬಾರದು. ಆಮ್ಲ ಬಿದ್ದರೆ ನೀರಿನಲ್ಲಿರುವ ಸಾವಯವ ಅಂಶದ ಜೊತೆ ಪ್ರತಿಕ್ರಿಯೆ ನಡೆದು ಆರರದು ಮೂರರದಾಗಿಬಿಡುತ್ತದೆ, ಲ್ಯಾಬು ಪ್ರಾಮಾಣಿಕವಾಗಿಯೇ ‘ಏನೂ ಇಲ್ಲ’ ಎಂದು ಬರೆಯುತ್ತದೆ. ಗುತ್ತಿಗೆದಾರರ ಹುಡುಗರಿಗೆ ಎಲ್ಲ ಬಾಟಲಿಗೂ ಆಮ್ಲ ಹನಿಸುವ ರೂಢಿ. ಲೋಹದ ಸ್ಯಾಂಪಲ್ ಎಂದರೆ ಆಮ್ಲ ಎಂದೇ ಅವರಿಗೆ ಹೇಳಿಕೊಟ್ಟಿರುತ್ತಾರೆ. ಅದಕ್ಕೆ ನಾನು ಎರಡನೆಯ ಬಾಟಲಿಯ ಪೆಟ್ಟಿಗೆಯನ್ನು ಬೇರೆಯೇ ಇಟ್ಟು, ನಾನೇ ತುಂಬಿಸುತ್ತೇನೆ: 0.45 ಮೈಕ್ರಾನ್ ಫಿಲ್ಟರಿನಲ್ಲಿ ಅಲ್ಲೇ ಸೋಸಿ, ಐಸಿನಲ್ಲಿಟ್ಟು, 24 ಗಂಟೆಯೊಳಗೆ ಲ್ಯಾಬಿಗೆ. ಅಲ್ಲಿ ಡೈಫೀನೈಲ್‌ಕಾರ್ಬಜೈಡ್ ಎಂಬ ರಾಸಾಯನಿಕ ಹಾಕಿದಾಗ ಕೆಂಪು-ನೇರಳೆ ಬಣ್ಣ ಬರುತ್ತದೆ, ಅದರ ಗಾಢತೆಯಿಂದ ಪ್ರಮಾಣ ತಿಳಿಯುತ್ತದೆ.

ನೀರೆತ್ತುವುದರಲ್ಲೂ ಇದೇ ಶಿಸ್ತು ಬೇಕು. ಪಂಪನ್ನು ಜೋರಾಗಿ ಬಿಟ್ಟರೆ ತಳದ ಹೂಳು ಕದಡುತ್ತದೆ. ಆ ಹೂಳಿನ ಸಮೇತ ಬಾಟಲಿಗೆ ಆಮ್ಲ ಬಿದ್ದರೆ ಮಣ್ಣಿನ ಕಣಕ್ಕೆ ಅಂಟಿದ ಲೋಹವೂ ಕರಗಿ ಬಂದು, ಚೊಕ್ಕ ಬಾವಿಯೂ ಕೆಟ್ಟದ್ದೆಂದು ಕಾಣಿಸುತ್ತದೆ. ಹಾಗಾಗಿ ನಿಮಿಷಕ್ಕೆ ಅರ್ಧ ಲೀಟರಿಗಿಂತ ಕಮ್ಮಿ ವೇಗ. ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ, ಕದಡು ಇವೆಲ್ಲ ಸತತ ಮೂರು ರೀಡಿಂಗಿನಲ್ಲಿ ಹೆಚ್ಚುಕಮ್ಮಿ ಒಂದೇ ಬಂದ ಮೇಲೆಯೇ ಬಾಟಲಿಯ ಮುಚ್ಚಳ ತೆರೆಯುವುದು. ಬಿಸಿಲಲ್ಲಿ ನಿಂತ ಮೇಲಧಿಕಾರಿಗೆ ಇದು ಕಾಲಹರಣದಂತೆ ಕಾಣುತ್ತದೆ.

ಮಣ್ಣಿನ ವಿಷಯದಲ್ಲಿ ನನ್ನ ಜಗಳ ಬೇರೆ. ಖರ್ಚು ಉಳಿಸಲು ಐದು ಕಡೆಯ ಮಣ್ಣು ಬೆರೆಸಿ ಒಂದೇ ಸ್ಯಾಂಪಲ್ ಮಾಡುವ ಪದ್ಧತಿ ಇದೆ. ಕೃಷಿ ಭೂಮಿಯ ಫಲವತ್ತತೆ ನೋಡಲು ಅದು ಸರಿ. ತೊಟ್ಟಿ ಸೋರಿದ ಜಾಗಕ್ಕೆ ಸರಿಯಲ್ಲ. ನಾಲ್ಕು ಕಡೆ ಕಿಲೋಗೆ 20 ಮಿಲಿಗ್ರಾಂ, ಒಂದು ಕಡೆ 500 ಇದ್ದರೆ, ಬೆರೆಸಿದಾಗ ಬರುವುದು 116. ಆ ಸಂಖ್ಯೆ ಯಾವ ಗುಂಡಿಯದ್ದೂ ಅಲ್ಲ. ಅದನ್ನು ನಂಬಿದರೆ ಇಡೀ ಅಂಗಳ ಅಗೆಯಬೇಕು, ಇಲ್ಲವೇ ಒಂದು ಗುದ್ದಲಿಯೂ ಹಾಕದೆ ಬಿಡಬೇಕು. ತೊಟ್ಟಿಯ ಬುಡ, ಚರಂಡಿಯ ತಿರುವು, ನೆಲದ ಬಿರುಕು, ಇವುಗಳ ಮಣ್ಣು ಬೇರೆಬೇರೆಯಾಗಿಯೇ ಹೋಗಬೇಕು ಎಂದು ಪಟ್ಟು ಹಿಡಿದೆ. ಅಗೆತದ ಖರ್ಚು ಅರ್ಧಕ್ಕರ್ಧ ಇಳಿಯಿತು.

ಸುತ್ತಲಿನ ಮನೆಗಳ ಬಾವಿ ನೋಡಲು ಹೋದಾಗ ಒಬ್ಬ ಅಜ್ಜಿ ನನ್ನ ಅಚ್ಚಾದ ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: “ಇದೆಲ್ಲ ನಿಮ್ಮ ಹತ್ರಾನೇ ಇರ್ಲಿ ಸಾರ್, ಕುಡೀಬೋದೋ ಬೇಡ್ವೋ ಅಷ್ಟು ಹೇಳಿ.” ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ಹಾವಳಿಯಾದಾಗ ಸರ್ಕಾರ ಈ ಪ್ರಶ್ನೆಗೆ ಬಣ್ಣದಲ್ಲೇ ಉತ್ತರ ಕೊಟ್ಟಿತ್ತು. ಸುಮಾರು 50 ಲಕ್ಷ ಕೈಪಂಪು ಪರೀಕ್ಷಿಸಿ, ಲೀಟರಿಗೆ 50 ಮೈಕ್ರೋಗ್ರಾಂ ಮೀರಿದ್ದಕ್ಕೆ ಕೆಂಪು, ಉಳಿದದ್ದಕ್ಕೆ ಹಸಿರು ಬಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 10 ಮೈಕ್ರೋಗ್ರಾಂ ಆದ್ದರಿಂದ ಆ ಹಸಿರಿನ ಬಗ್ಗೆ ತಕರಾರು ಇದ್ದೇ ಇದೆ. ಆದರೂ ಅಕ್ಷರ ಬಾರದವರಿಗೂ ಯಾವ ಪಂಪು ಬಿಡಬೇಕೆಂದು ತಿಳಿಯಿತು. ನಾವೂ ಅದೇ ದಾರಿ ಹಿಡಿದೆವು. ಜೊತೆಗೆ, ಬಳಿದ ದಿನಾಂಕವನ್ನೂ ಬರೆಸಿದೆ. ನೀರು ಸರಿಯುತ್ತದೆ, ಬಣ್ಣ ಅಲ್ಲೇ ಇರುತ್ತದೆ.

ಶುದ್ಧೀಕರಣದ ವಿಧಾನ ಹೊಸದೇನಲ್ಲ. ತೊಟ್ಟಿಯ ಬುಡದ ಮಣ್ಣು ತೆಗೆದೆವು, ಹರಿವಿಗೆ ಅಡ್ಡಲಾಗಿ ಪಂಪು ಇಟ್ಟು ನೀರೆತ್ತಿ ಸಂಸ್ಕರಿಸಿದೆವು, ನೆಲದೊಳಗೆ ಫೆರಸ್ ಸಲ್ಫೇಟ್ ದ್ರಾವಣ ಬಿಟ್ಟೆವು. ಫೆರಸ್ ಕಬ್ಬಿಣ ಆರರ ಕ್ರೋಮಿಯಂ ಅನ್ನು ಮೂರಕ್ಕೆ ಇಳಿಸುತ್ತದೆ. ತುಕ್ಕಿನ ಹಾಗೆ ಕಬ್ಬಿಣದ ಗಷ್ಟು ಕೂತು ಬಾವಿಯ ರಂಧ್ರ ಕಟ್ಟಿಕೊಳ್ಳುವುದು ಅದರ ದೊಡ್ಡ ಪೀಡೆ. ಇನ್ನೊಂದು ಎಚ್ಚರ ಇದಕ್ಕಿಂತ ಮುಖ್ಯ: ದ್ರಾವಣ ಬಿಟ್ಟ ಬಾವಿಯಿಂದಲೇ ಸ್ಯಾಂಪಲ್ ತೆಗೆಯಬಾರದು. ಉಳಿದ ಫೆರಸ್ ಬಾಟಲಿಯೊಳಗೂ ಕೆಲಸ ಮುಂದುವರಿಸಿ ಫಲಿತಾಂಶವನ್ನು ಚಿನ್ನದಂತೆ ತೋರಿಸುತ್ತದೆ. ಒಬ್ಬ ಗುತ್ತಿಗೆದಾರರು ಬಿಲ್ಲಿನ ಜೊತೆ ಅಂಥ ಸುಂದರ ವರದಿಯೊಂದನ್ನು ಲಗತ್ತಿಸಿದ್ದರು. ಕೆಳ ಹರಿವಿನ ಬಾವಿಗಳ ಅಂಕಿ ಬರುವವರೆಗೆ ಬಿಲ್ಲು ತಡೆದೆ.

ನೀರೆತ್ತತೊಡಗಿದ ಮೇಲೆ ಅಂಕಿಗಳು ಮೊದಮೊದಲು ಸರಸರ ಇಳಿದವು, ಆಮೇಲೆ ತೆವಳಿದವು, ಕೊನೆಗೆ ಮಿತಿಯೊಳಗೆ ಬಂದವು. ಆರ್ಥಿಕ ವರ್ಷದ ಕೊನೆ. ‘ಕಾಮಗಾರಿ ಪೂರ್ಣ’ ಎಂದು ಕಡತ ಮುಚ್ಚುವ ಉತ್ಸಾಹ ಎಲ್ಲರಿಗೂ. ಆದರೆ ವಿಷ ಕೂತಿರುವುದು ಮರಳಿನಲ್ಲಿ ಮಾತ್ರವಲ್ಲ. ವರ್ಷಾನುಗಟ್ಟಲೆ ಜೇಡಿಯ ಪದರಗಳಿಗೂ ಇಳಿದಿರುತ್ತದೆ. ಪಂಪು ಓಡುವಷ್ಟು ಕಾಲ ಮರಳಿನ ನೀರು ಚೊಕ್ಕವಾಗಿ ಬರುತ್ತದೆ, ನಿಲ್ಲಿಸಿದರೆ ಜೇಡಿಯಿಂದ ಮೆಲ್ಲಗೆ ಜಿನುಗಿ ಅಂಕಿ ಮತ್ತೆ ಏರುತ್ತದೆ. ಟಿಪ್ಪಣಿಯಲ್ಲಿ ಇದನ್ನು ಬರೆದಾಗ ‘ಇನ್ನೆಷ್ಟು ಕಾಲ?’ ಎಂಬ ಷರಾದೊಂದಿಗೆ ಕಡತ ವಾಪಸು ಬಂತು. ಉತ್ತರಕ್ಕೆ, ಕಾರ್ಖಾನೆಯ ಪಾದರಸದಿಂದ ಮೀನೂ ವಿಷವಾಗಿದ್ದ ಜಪಾನಿನ ಮಿನಮಾಟ ಕೊಲ್ಲಿಯನ್ನು ಎತ್ತಿಕೊಂಡೆ. ಅಲ್ಲಿ 25 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 25 ಭಾಗ) ಹೆಚ್ಚು ಪಾದರಸವಿದ್ದ ಹೂಳನ್ನು ಎತ್ತುವ, ಹೂತು ಮುಚ್ಚುವ ಕಾಮಗಾರಿ 1977ರಿಂದ 1990ರವರೆಗೆ ನಡೆಯಿತು. ಮೀನು ಹೊರಹೋಗದಂತೆ 1974ರಲ್ಲಿ ಕಟ್ಟಿದ್ದ ಬಲೆಯನ್ನು ಮಾತ್ರ 1990ರಲ್ಲಿ ಬಿಚ್ಚಲಿಲ್ಲ. ಬಿಚ್ಚಿದ್ದು 1997ರಲ್ಲಿ, ಮೀನಿನಲ್ಲಿನ ಪಾದರಸದ ಅಂಕಿಗಳು ನೆಲೆ ನಿಂತ ಮೇಲೆ. ಕಾಮಗಾರಿ ಮುಗಿಯುವುದು ಬೇರೆ, ಕಲುಷಿತ ಜಾಗ ಎಂಬ ಪಟ್ಟಿಯಿಂದ ಹೆಸರು ತೆಗೆಯುವುದು ಬೇರೆ ಎಂದು ಬರೆದು ಕಳಿಸಿದೆ. ಈ ಸಲ ಒಪ್ಪಿಗೆ ಬಂತು.

ನನ್ನ ಷರತ್ತುಗಳು ಸರಳ. ಪಂಪು ನಿಲ್ಲಿಸಬಹುದು, ಕಿತ್ತೊಯ್ಯಬಾರದು. ವಿದ್ಯುತ್ ಸಂಪರ್ಕವೂ ಇರಲಿ. ವೀಕ್ಷಣಾ ಬಾವಿಗಳಿಗೆ ಬೀಗ. ನೀರಿನ ಮಟ್ಟ ಕೆಳಗಿದ್ದಾಗ ಒಂದು ಸುತ್ತು, ಮೇಲೇರಿದಾಗ ಒಂದು ಸುತ್ತು ಸ್ಯಾಂಪಲ್ ಕಡ್ಡಾಯ, ಏಕೆಂದರೆ ಒಣ ಮಣ್ಣಿನಲ್ಲಿ ಉಳಿದ ಕ್ರೋಮೇಟ್ ನೀರು ಏರಿದಾಗಲೇ ತೊಳೆದು ಬರುವುದು. ಹಾಗೇ ಆಯಿತು. ಮಟ್ಟ ಏರಿದ ಮೇಲೆ ಚರಂಡಿಯ ತಿರುವಿನ ಬಾವಿಯಲ್ಲಿ ಅಂಕಿ ಮಿತಿ ದಾಟಿತು, ಉಳಿದವು ಕದಲಲಿಲ್ಲ. ಆ ತಿರುವಿಗಷ್ಟೇ ಮತ್ತೆ ಫೆರಸ್ ಬಿಟ್ಟು, ಅಲ್ಲಿನ ಒಂದು ಪಂಪನ್ನು ಪುನಃ ಶುರು ಮಾಡಿದೆವು. ಅದರ ಕೆಳಗಿನ ಮೂರು ಮನೆಗಳ ಬಾವಿಗೆ ಕೆಂಪು ಬಳಿದು, ಹೊಸ ದಿನಾಂಕ ಬರೆದು, ಟ್ಯಾಂಕರ್ ನೀರಿನ ಆದೇಶವನ್ನು ಮುಂದುವರಿಸಿದೆವು.