ಷಿಕಾಗೊದ ಪುಲ್‌ಮನ್: ಕಂಪನಿ ಕಟ್ಟಿದ ಊರಿನ ಹಳೆಯ ಮನೆಗಳನ್ನು ನೋಡುವ ಬಗೆ

ರೈಲಿನ ಮಲಗುವ ಬೋಗಿಗಳನ್ನು ತಯಾರಿಸುತ್ತಿದ್ದ ಜಾರ್ಜ್ ಪುಲ್‌ಮನ್ 1880ರಲ್ಲಿ ಷಿಕಾಗೊದ ದಕ್ಷಿಣಕ್ಕೆ, ಕ್ಯಾಲುಮೆಟ್ ಸರೋವರದ ಬಯಲಿನಲ್ಲಿ ಕಾರ್ಖಾನೆಯ ಜೊತೆಗೇ ಒಂದಿಡೀ ಊರನ್ನು ಕಟ್ಟಿಸಲು ಶುರುಮಾಡಿದ. ಕಟ್ಟಡಗಳ ನಕ್ಷೆ ಸೊಲೊನ್ ಬೀಮನ್‌ದು, ಬೀದಿ ಮತ್ತು ಉದ್ಯಾನಗಳದು ನೇಥನ್ ಬ್ಯಾರೆಟ್‌ದು. ಮನೆ, ಅಂಗಡಿ, ಚರ್ಚು, ಹೋಟೆಲು ಎಲ್ಲಕ್ಕೂ ಕಂಪನಿಯೇ ಯಜಮಾನ. ಕೆಲಸಗಾರ ಬಾಡಿಗೆ ಕೊಟ್ಟು ಇರಬಹುದಿತ್ತು, ಮನೆ ಕೊಳ್ಳುವಂತಿರಲಿಲ್ಲ. ಆ ಮನೆಗಳಲ್ಲಿ ಬಹುಪಾಲು ಇವತ್ತಿಗೂ ನಿಂತಿವೆ, ಅವುಗಳಲ್ಲಿ ಜನ ವಾಸವಾಗಿದ್ದಾರೆ. ಹಾಗಾಗಿ ಇಲ್ಲಿ ಮನೆ ನೋಡುವುದಕ್ಕೂ ಮ್ಯೂಸಿಯಂ ನೋಡುವುದಕ್ಕೂ ತುಂಬಾ ವ್ಯತ್ಯಾಸವಿದೆ.

ಮೊದಲೇ ಒಂದು ಮಾತು: ಬೀದಿ ಮೊದಲು, ಮನೆ ಆಮೇಲೆ. ಯಾರು ಯಾವ ಬೀದಿಯಲ್ಲಿ ಇದ್ದರು ಎನ್ನುವುದು ತಿಳಿಯದೆ ಒಳಗೆ ಕಾಲಿಟ್ಟರೆ ಕಾಣುವುದು ಬಣ್ಣ, ಪರದೆ, ಪೀಠೋಪಕರಣ ಅಷ್ಟೇ. ತಿಳಿದು ಹೋದರೆ ಮೆಟ್ಟಿಲಿನ ಅಗಲ ಕೂಡ ಆ ಮನೆಯಲ್ಲಿದ್ದವರ ಸ್ಥಾನಮಾನ ಹೇಳುತ್ತದೆ.

ಯಾವಾಗ ಹೋಗಬೇಕು

ಹೊರಗಿನಿಂದ ನೋಡುವುದಾದರೆ ವರ್ಷದ ಯಾವ ದಿನವಾದರೂ ಆದೀತು. ಬೀದಿಗಳು ಸಾರ್ವಜನಿಕ, ನಡೆದಾಡಲು ಟಿಕೆಟ್ ಬೇಡ. 111ನೇ ರಸ್ತೆಯಲ್ಲಿರುವ ಗಡಿಯಾರ ಗೋಪುರದ ಕಟ್ಟಡ ಈಗ ರಾಷ್ಟ್ರೀಯ ಉದ್ಯಾನ ಸೇವೆಯ ಸಂದರ್ಶಕರ ಕೇಂದ್ರ, ಅದಕ್ಕೂ ಪ್ರವೇಶ ಉಚಿತ. ತೆರೆದಿರುವ ದಿನ, ವೇಳೆ ಮಾತ್ರ ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ನೋಡಿಕೊಳ್ಳಿ.

ಮನೆಗಳ ಒಳಗೆ ಹೋಗಬೇಕೆಂದರೆ ವರ್ಷಕ್ಕೊಮ್ಮೆ ನಡೆಯುವ ಮನೆ ಪ್ರವಾಸಕ್ಕೇ ಬರಬೇಕು. ಅದು ಸಾಮಾನ್ಯವಾಗಿ ಅಕ್ಟೋಬರ್ ತಿಂಗಳ ಎರಡನೇ ಶನಿವಾರ, ಭಾನುವಾರ ನಡೆಯುತ್ತದೆ. ಕೆಲವು ಮನೆಯವರು ಆ ಎರಡು ದಿನ ತಮ್ಮ ಬಾಗಿಲು ತೆರೆಯುತ್ತಾರೆ, ಮನೆಗಳ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಟಿಕೆಟ್ಟನ್ನು ಮುಂಗಡವಾಗಿ ಕೊಳ್ಳಿ. ಎರಡು ದಿನಗಳಲ್ಲಿ ಆಯ್ಕೆ ಇದ್ದರೆ ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಪ್ರತಿ ಬಾಗಿಲಲ್ಲೂ ಸಾಲು ಬೆಳೆಯುತ್ತದೆ, ಯಾಕೆಂದರೆ ಕಿರಿದಾದ ಮನೆಯೊಳಗೆ ಒಮ್ಮೆಗೆ ಕೆಲವೇ ಜನರನ್ನು ಬಿಡಲು ಸಾಧ್ಯ.

ತಲುಪುವುದು

ನಗರದ ನಡುವಿನ ಮಿಲೇನಿಯಂ ನಿಲ್ದಾಣದಿಂದ ಮೆಟ್ರಾ ಎಲೆಕ್ಟ್ರಿಕ್ ರೈಲು ಹಿಡಿಯಿರಿ. ಇಳಿಯಬೇಕಾದ ನಿಲ್ದಾಣ 111ನೇ ರಸ್ತೆ, ಅಲ್ಲಿಂದ ಗಡಿಯಾರ ಗೋಪುರಕ್ಕೆ ಕೆಲವೇ ನಿಮಿಷದ ನಡಿಗೆ. ಇಲ್ಲಿಯೇ ಹಲವರು ಎಡವುತ್ತಾರೆ: ಆ ಮಾರ್ಗದ ಎಲ್ಲ ರೈಲುಗಳೂ 111ರಲ್ಲಿ ನಿಲ್ಲುವುದಿಲ್ಲ. ನಿಮ್ಮ ರೈಲು ನಿಲ್ಲದಿದ್ದರೆ 115ನೇ ರಸ್ತೆಯ ಕೆನ್ಸಿಂಗ್ಟನ್‌ನಲ್ಲಿ ಇಳಿದು ಉತ್ತರಕ್ಕೆ ನಡೆದು ಬನ್ನಿ. ಷಿಕಾಗೊದ ಲೆಕ್ಕದಲ್ಲಿ ಇಂಥ ಎಂಟು ಅಡ್ಡರಸ್ತೆಗೆ ಒಂದು ಮೈಲಿ, ಆದ್ದರಿಂದ 115ರಿಂದ 111ಕ್ಕೆ ಸುಮಾರು 800 ಮೀಟರ್. ಈ ಲೆಕ್ಕ ಗೊತ್ತಿದ್ದರೆ ಮನೆ ನಂಬರಿನಿಂದಲೇ ದೂರ ಅಂದಾಜು ಮಾಡಬಹುದು: 11200ರ ಸರಣಿಯ ಮನೆಗಳು 112 ಮತ್ತು 113ನೇ ರಸ್ತೆಗಳ ನಡುವೆ ಇರುತ್ತವೆ. ವಾಪಸು ರೈಲಿನ ವೇಳೆಯನ್ನು ಹೋಗುವಾಗಲೇ ಬರೆದಿಟ್ಟುಕೊಳ್ಳಿ. ವಾರಾಂತ್ಯದಲ್ಲಿ ರೈಲುಗಳು ಕಡಿಮೆ, ಒಂದು ತಪ್ಪಿದರೆ ಬಹಳ ಹೊತ್ತು ಕಾಯಬೇಕಾದೀತು.

ಒಳಗೆ ಹೋಗುವ ಮುನ್ನ ಒಂದು ಗಂಟೆ ಹೊರಗೆ

ಗಡಿಯಾರ ಗೋಪುರದಿಂದ ಶುರುಮಾಡಿ. 1998ರ ಡಿಸೆಂಬರಿನಲ್ಲಿ ಕಿಡಿಗೇಡಿಯೊಬ್ಬ ಹಚ್ಚಿದ ಬೆಂಕಿಗೆ ಇದು ಸುಟ್ಟಿತ್ತು. ದುರಸ್ತಿಯಾಗಿ 2021ರಲ್ಲಿ ಸಂದರ್ಶಕರಿಗೆ ತೆರೆಯಿತು. ಒಳಗಿನ ಪ್ರದರ್ಶನಕ್ಕೆ ಮುಕ್ಕಾಲು ಗಂಟೆ ಸಾಕು. ಊರಿನ ನಕ್ಷೆ ಇಲ್ಲಿಯೇ ತೆಗೆದುಕೊಳ್ಳಿ, ಶೌಚಾಲಯವನ್ನೂ ಇಲ್ಲಿಯೇ ಬಳಸಿ. ಮನೆಗಳಲ್ಲಿ ಆ ಸೌಲಭ್ಯ ಕೇಳುವಂತಿಲ್ಲ.

ರಸ್ತೆ ದಾಟಿದರೆ 1881ರ ಹೋಟೆಲ್ ಫ್ಲಾರೆನ್ಸ್, ಪುಲ್‌ಮನ್‌ನ ಮಗಳ ಹೆಸರಿನದು. ಊರಿನಲ್ಲಿ ಮದ್ಯ ಸಿಗುತ್ತಿದ್ದ ಏಕೈಕ ಜಾಗ ಇದರ ಬಾರು, ಅದೂ ಕೂಲಿಗಾರನ ಕೈಗೆ ಎಟುಕದ ಬೆಲೆಗೆ. ಇಲ್ಲಿಂದ 111ನೇ ರಸ್ತೆಯಲ್ಲೇ ಪೂರ್ವಕ್ಕೆ ನಡೆಯಿರಿ. ಕಾರ್ಖಾನೆಗೆ ಮುಖ ಮಾಡಿದ ದೊಡ್ಡ ಮನೆಗಳು ಅಧಿಕಾರಿಗಳವು: ಅಗಲ ಮುಂಭಾಗ, ವರಾಂಡ, ಹೆಚ್ಚು ಕಿಟಕಿ. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಸೇಂಟ್ ಲಾರೆನ್ಸ್, ಶಾಂಪ್ಲೇನ್, ಲ್ಯಾಂಗ್ಲಿ ಬೀದಿಗಳ ಕಡೆ ಹೋದಂತೆ ಮನೆಗಳು ಕಿರಿದಾಗುತ್ತಾ ಬರುತ್ತವೆ. ನುರಿತ ಕುಶಲಕರ್ಮಿಗೆ ಸಾಲುಮನೆ, ಅವನಿಗಿಂತ ಕೆಳಗಿನ ಕೂಲಿಗಾರನಿಗೆ ಮೂರಂತಸ್ತಿನ ವಠಾರ. ಸಾಲುಮನೆಗೆ ತನ್ನದೇ ನಲ್ಲಿ. ವಠಾರದಲ್ಲಿ ಹಲವು ಸಂಸಾರಗಳಿಗೆ ಸೇರಿ ಒಂದು ನಲ್ಲಿ. ಕೆಲಸದಲ್ಲಿ ಬಡ್ತಿ ಸಿಕ್ಕಿದವನು ಬೀದಿ ಬದಲಿಸುತ್ತಿದ್ದ.

ಒಂದು ಸಾಲಿನ ಎದುರಿನ ಪಾದಚಾರಿ ಹಾದಿಯಲ್ಲಿ ನಿಂತು ಇಡೀ ಸಾಲನ್ನು ಒಟ್ಟಿಗೆ ನೋಡಿ. ಹತ್ತಿರ ನಿಂತರೆ ಪ್ರತಿ ಮನೆಯೂ ಒಂದೇ ಅನ್ನಿಸುತ್ತದೆ. ದೂರದಿಂದ ಬೀಮನ್‌ನ ಕೈಚಳಕ ಕಾಣುತ್ತದೆ. ಎರಡು ಮೂರು ಮನೆ ಸೇರಿಸಿ ಒಂದು ತ್ರಿಕೋನ ಮುಖ, ಪಕ್ಕದಲ್ಲಿ ಇಳಿಜಾರು ಹಲಗೆಕಲ್ಲಿನ ಮಾಡು, ಸಾಲಿನ ಕೊನೆಗೆ ಸ್ವಲ್ಪ ಮುಂದೆ ಚಾಚಿದ ಮನೆ. ಒಳಗಿನ ಅಳತೆ ಒಂದೇ ಇದ್ದರೂ ಬೀದಿ ಬೇಸರ ತರುವುದಿಲ್ಲ. ನಂತರ ಹಿತ್ತಲ ಓಣಿಗೂ ಒಮ್ಮೆ ಹೋಗಿ. ಮುಂಭಾಗಕ್ಕೆ ನಗರದ ಪಾರಂಪರಿಕ ಕಟ್ಟಡಗಳ ಕಾನೂನಿನ ಕಾವಲಿದೆ, ಮನೆಯವರು ಮನಬಂದಂತೆ ಬದಲಿಸುವಂತಿಲ್ಲ. ಹಿಂಭಾಗದಲ್ಲಿ ನೂರ ನಲವತ್ತು ವರ್ಷಗಳ ಸಂಸಾರ ಬಯಲಾಗಿ ಕಾಣುತ್ತದೆ, ಸೇರಿಸಿದ ಕೋಣೆ, ಮುಚ್ಚಿದ ಕಿಟಕಿ, ಶೆಡ್ಡು ಎಲ್ಲವೂ.

112ನೇ ರಸ್ತೆಯಲ್ಲಿ ಮೂರು ಜಾಗ ಬಿಡಬೇಡಿ. ಸೇಂಟ್ ಲಾರೆನ್ಸ್ ಮೂಲೆಯ ಗ್ರೀನ್‌ಸ್ಟೋನ್ ಚರ್ಚಿನ ಹಸಿರು ಕಲ್ಲು ಪೆನ್ಸಿಲ್ವೇನಿಯಾದಿಂದ ಬಂದ ಸರ್ಪೆಂಟೈನ್. ನೋಡಲು ಚೆಂದ, ಆದರೆ ಮಳೆ ಹಿಮಕ್ಕೆ ಪದರ ಪದರವಾಗಿ ಉದುರುವ ಕಲ್ಲು. ಕೆಳಗಿನ ಸಾಲುಗಳನ್ನು ಗಮನಿಸಿ, ಮುಟ್ಟಬೇಡಿ. ಶಾಂಪ್ಲೇನ್ ಬೀದಿಯ ಮಾರ್ಕೆಟ್ ಹಾಲ್ 1892ರಲ್ಲಿ ಒಮ್ಮೆ, 1973ರಲ್ಲಿ ಮತ್ತೊಮ್ಮೆ ಸುಟ್ಟಿತು. ಅದನ್ನು ಸುತ್ತುವರಿದ ಬಾಗಿದ ಕಂಬಸಾಲಿನ ಮನೆಗಳು ಊರಿನಲ್ಲೇ ಅತಿ ಸುಂದರ. ಕಾಟೇಜ್ ಗ್ರೋವ್ ಬೀದಿಯ ಕಡೆ ಹಳೆಯ ಕುದುರೆ ಲಾಯವಿದೆ, ಗೋಡೆಯ ಮೇಲೆ ಕುದುರೆ ತಲೆಗಳನ್ನು ಕೆತ್ತಲಾಗಿದೆ. ಊರಿನ ಕುದುರೆಗಳನ್ನೆಲ್ಲ ಇಲ್ಲಿಯೇ ಕಟ್ಟಬೇಕಿತ್ತು, ಹಾಗಾಗಿ ಮನೆಗಳ ಹಿತ್ತಲಲ್ಲಿ ಲಾಯ ಹುಡುಕಬೇಡಿ.

ಇಟ್ಟಿಗೆ ಓದುವುದು

ಇದಕ್ಕೆ ಹತ್ತು ನಿಮಿಷ ಕೊಡಿ. ಮನೆಗಳ ಇಟ್ಟಿಗೆಗೆ ಕ್ಯಾಲುಮೆಟ್ ಸರೋವರದ ಜೇಡಿಮಣ್ಣನ್ನೇ ಬಳಸಿ, ಕಂಪನಿಯೇ ಸುಡಿಸಿತು. ಆ ಕಾಲದ ಇಟ್ಟಿಗೆ ಇಂದಿನದಕ್ಕಿಂತ ಮೆದು, ಅದನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಸುಣ್ಣದ ಗಾರೆ ಇಟ್ಟಿಗೆಗಿಂತಲೂ ಮೆದುವಾದದ್ದು: ಗೋಡೆ ಹಿಗ್ಗಿ ಕುಗ್ಗಿದಾಗ ಗಾರೆ ಬಿರಿಯುತ್ತದೆ, ಇಟ್ಟಿಗೆ ಉಳಿಯುತ್ತದೆ, ಒಳಗೆ ಸೇರಿದ ನೀರೂ ಗಾರೆಯ ಮೂಲಕ ಆರಿಹೋಗುತ್ತದೆ. ಮುಂದೆ ಯಾರೋ ಸಂದಿಗೆ ಗಟ್ಟಿ ಸಿಮೆಂಟು ತುಂಬಿದರೆ ಲೆಕ್ಕ ತಲೆಕೆಳಗಾಗುತ್ತದೆ. ನೀರು ಹೊರಬರಲು ಇಟ್ಟಿಗೆಯೊಂದೇ ದಾರಿ, ಚಳಿಗಾಲದಲ್ಲಿ ಅದು ಅಲ್ಲೇ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ.

ಗೋಡೆಗೆ ಒಂದಡಿ ದೂರದಲ್ಲಿ ನಿಂತು ಪಕ್ಕದಿಂದ ಕಣ್ಣು ಹಾಯಿಸಿ. ಬೂದು ಬಣ್ಣದ ಗಾರೆ ಚೌಕಟ್ಟಿನ ಹಾಗೆ ಮುಂದೆ ಚಾಚಿಕೊಂಡು, ನಡುವಿನ ಇಟ್ಟಿಗೆ ಗುಳಿಬಿದ್ದಿದ್ದರೆ ಅದು ಸಿಮೆಂಟಿನ ಕೆಲಸ. ಇಟ್ಟಿಗೆಯ ಮೈ ಎಲ್ಲ ಕಡೆ ಒಂದೇ ಸಮ ತರಿತರಿಯಾಗಿ, ಅಂಚು ಮೊಂಡಾಗಿದ್ದರೆ ಹಿಂದೊಮ್ಮೆ ಬಣ್ಣ ತೆಗೆಯಲು ಮರಳು ಹೊಡೆಸಿದ್ದಾರೆ. ಬೆಂಕಿಯಲ್ಲಿ ಗಟ್ಟಿಯಾಗಿದ್ದ ಹೊರಪದರ ಹೋದ ಇಟ್ಟಿಗೆ ನೀರು ಹೀರುತ್ತದೆ. ಸಂದು ತೆಳ್ಳಗೆ, ತಿಳಿ ಬಣ್ಣದಲ್ಲಿ, ಇಟ್ಟಿಗೆಗಿಂತ ತುಸು ಒಳಗಿದ್ದರೆ ಯಾರೋ ಬಲ್ಲವರು ಸುಣ್ಣದಲ್ಲೇ ದುರಸ್ತಿ ಮಾಡಿಸಿದ್ದಾರೆ. ಒಂದೇ ಸಾಲಿನಲ್ಲಿ ಈ ಮೂರೂ ಅಕ್ಕಪಕ್ಕ ಸಿಗುತ್ತವೆ.

ಮನೆಯೊಳಗೆ

ಪಟ್ಟಿಯಲ್ಲಿರುವ ಮನೆಗಳನ್ನು ನಕ್ಷೆಯ ಕ್ರಮದಲ್ಲಿ ನೋಡಲು ಹೋಗಬೇಡಿ, ಎಲ್ಲರೂ ಒಂದನೇ ನಂಬರಿನ ಮುಂದೆಯೇ ಸೇರಿರುತ್ತಾರೆ. ಕೇಂದ್ರದಿಂದ ಅತಿ ದೂರದ ಮನೆಗೆ ಮೊದಲು ಹೋಗಿ ಹಿಂದಕ್ಕೆ ಬನ್ನಿ. ಒಂದು ಮನೆಗೆ ಕಾಯುವುದೂ ಸೇರಿ ಅರ್ಧ ಗಂಟೆ ಹಿಡಿಯಿರಿ. ದಿನಕ್ಕೆ ಆರು ಮನೆ ಹಿತವಾದ ಲೆಕ್ಕ.

ಸುಲಭವಾಗಿ ಬಿಚ್ಚಿ ಹಾಕಬಹುದಾದ, ಅಟ್ಟೆ ಮೆತ್ತಗಿರುವ ಪಾದರಕ್ಷೆ ಇರಲಿ. ಬೆನ್ನಚೀಲ ಬೇಡ, ಕಿರಿದಾದ ಮೆಟ್ಟಿಲಲ್ಲಿ ಅದು ಹಳೆಯ ಗಿಲಾವಿಗೆ ಉಜ್ಜುತ್ತದೆ. ಫೋಟೋ ತೆಗೆಯುವ ಮುನ್ನ ಕೇಳಿ, ಬೇಡ ಎಂದರೆ ಅಲ್ಲಿಗೇ ಬಿಡಿ. ಮುಚ್ಚಿದ ಬಾಗಿಲು ತೆರೆಯಬೇಡಿ. ಬಾಗಿಲಿಗೆ ಮೆಟ್ಟಿಲೇರಿಯೇ ಹೋಗಬೇಕಾದ ಮನೆಗಳೇ ಹೆಚ್ಚು, ಒಳಗಿನ ಏಣಿಮೆಟ್ಟಿಲು ಕಡಿದು. ಮಂಡಿ ನೋವಿನವರು, ಗಾಲಿಕುರ್ಚಿಯವರು ಯಾವ ಮನೆಗೆ ಹೋಗಬಹುದೆಂದು ಟಿಕೆಟ್ ಕೊಳ್ಳುವಾಗಲೇ ವಿಚಾರಿಸಬೇಕು.

ಒಳಗೆ ಮೊದಲು ಬೆಳಕನ್ನು ನೋಡಿ. ಸಾಲಿನ ನಡುವಿನ ಮನೆಗೆ ಎರಡೂ ಪಕ್ಕ ನೆರೆಯವರ ಗೋಡೆ, ಕಿಟಕಿ ಇರುವುದು ಮುಂದೆ ಮತ್ತು ಹಿಂದೆ ಮಾತ್ರ. ಹಾಗಾದರೆ ನಡುಮನೆಗೆ, ಮೆಟ್ಟಿಲಿಗೆ ಬೆಳಕು ಎಲ್ಲಿಂದ? ತಲೆಯೆತ್ತಿ ಮಾಡಿನಲ್ಲಿ ಗಾಜಿನ ಬೆಳಕಿಂಡಿ ಇದೆಯೇ, ಬಾಗಿಲುಗಳ ಮೇಲೆ ಗಾಜಿನ ಪಟ್ಟಿ ಇದೆಯೇ ನೋಡಿ. ಅಡುಗೆಮನೆಗೂ ಮುಂದಿನ ಕೋಣೆಗೂ ನಡುವಿನ ಗೋಡೆ ತೆಗೆದಿದ್ದರೆ ಅದು ಬೆಳಕಿಗಾಗಿಯೇ ಮಾಡಿದ್ದು. ನೆಲದ ಹಲಗೆಯಲ್ಲಿ ಅಡ್ಡಲಾಗಿ ಒಂದು ತೇಪೆಯ ಗೆರೆ ಉಳಿದಿರುತ್ತದೆ. ಈ ಮನೆಗಳಿಗೆ ಮೊದಲಿನಿಂದಲೂ ಕೊಳವೆ ನೀರು, ಗ್ಯಾಸ್ ದೀಪ, ಒಳಗೇ ಪಾಯಿಖಾನೆ ಇದ್ದವು, ಆ ಕಾಲದ ಕೂಲಿಕಾರರ ಮನೆಗಳಲ್ಲಿ ಅಪರೂಪದ ಮಾತು. ಛಾವಣಿಯ ನಡುವೆ ಮುಚ್ಚಿದ ಗ್ಯಾಸ್ ಕೊಳವೆಯ ತುದಿ ಉಳಿದಿದೆಯೇ ಎಂದು ಮನೆಯವರನ್ನು ಕೇಳಿ. ಮೆಟ್ಟಿಲಿನ ಕೈಹಿಡಿ, ಬಾಗಿಲ ಚೌಕಟ್ಟು, ಗಿಲಾವಿನ ಹಿಂದಿನ ಮರದ ಪಟ್ಟಿ, ಈ ಮೂರರಲ್ಲಿ ಯಾವುದು ಮೂಲದ್ದು ಎಂದು ಕೇಳಿದರೆ ಮಾತು ತಾನಾಗಿ ಬೆಳೆಯುತ್ತದೆ. ಮನೆಯ ಬೆಲೆ ಕೇಳಬೇಡಿ.

ಮನೆ ಚೆನ್ನಾಗಿದೆ ಎನ್ನಿಸಿದಾಗ ಬಾಡಿಗೆಯನ್ನೂ ನೆನೆಯಬೇಕು. ಪುಲ್‌ಮನ್‌ಗೆ ಊರು ದಾನವಲ್ಲ, ಹೂಡಿದ ಹಣಕ್ಕೆ ನೂರಕ್ಕೆ ಆರರಂತೆ ಲಾಭ ಬರಬೇಕೆಂದು ಬಾಡಿಗೆ ನಿಗದಿ ಮಾಡಿದ್ದ. 1893ರ ಆರ್ಥಿಕ ಕುಸಿತದಲ್ಲಿ ಕೂಲಿ ಸರಾಸರಿ ಕಾಲು ಭಾಗದಷ್ಟು ಇಳಿಯಿತು, ಬಾಡಿಗೆ ಇಳಿಯಲಿಲ್ಲ. ಬಾಡಿಗೆ ಮುರಿದುಕೊಂಡ ಮೇಲೆ ಎರಡು ಸೆಂಟಿನ ಚೆಕ್ಕು ಕೈಗೆ ಬಂದ ಕೆಲಸಗಾರನೊಬ್ಬ ಅದಕ್ಕೆ ಚೌಕಟ್ಟು ಹಾಕಿಸಿಟ್ಟಿದ್ದನ್ನು ಊರಿನ ಮೆಥಡಿಸ್ಟ್ ಪಾದ್ರಿ ವಿಲಿಯಂ ಕಾರ್ವರ್ಡೈನ್ ದಾಖಲಿಸಿದ್ದಾರೆ. 1894ರ ಮೇ 11ರಂದು ಮುಷ್ಕರ ಶುರುವಾಗಿ, ಯೂಜಿನ್ ಡೆಬ್ಸ್ ಮುಂದಾಳ್ತನದ ರೈಲ್ವೆ ಸಂಘದ ಬಹಿಷ್ಕಾರದಿಂದ ದೇಶದ ದೊಡ್ಡ ಭಾಗದಲ್ಲಿ ರೈಲು ನಿಂತು, ಕೊನೆಗೆ ಸರ್ಕಾರ ಸೈನ್ಯ ಕಳಿಸಿತು. 1898ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟು ಕಾರ್ಖಾನೆಗೆ ಬೇಡದ ಆಸ್ತಿಯನ್ನು ಮಾರುವಂತೆ ಕಂಪನಿಗೆ ಹೇಳಿತು. ಆಮೇಲೆಯೇ ಈ ಮನೆಗಳು ಅವುಗಳಲ್ಲಿ ಬದುಕುವವರದಾದದ್ದು. 1960ರಲ್ಲಿ ಊರನ್ನು ಕೆಡವಿ ಕೈಗಾರಿಕೆಗೆ ಬಿಡುವ ಯೋಜನೆ ಬಂದಾಗ ತಡೆದವರೂ ಇಲ್ಲಿನ ನಿವಾಸಿಗಳೇ. ಬಾಗಿಲಲ್ಲಿ ನಿಂತು ನಿಮ್ಮನ್ನು ಒಳಗೆ ಕರೆಯುವವರು ಆ ಕೆಲಸವನ್ನು ಇಂದಿಗೂ ಮುಂದುವರಿಸುತ್ತಿದ್ದಾರೆ, ಒಂದೆರಡು ಮಾತು ಆಡಿಯೇ ಹೊರಡಿ.

ಉತ್ತರದ ಭಾಗವನ್ನು ಬಿಡಬೇಡಿ

ಹೆಚ್ಚಿನವರು 111ರಿಂದ 115ರವರೆಗೆ ನೋಡಿ ರೈಲು ಹತ್ತುತ್ತಾರೆ. ಕಾರ್ಖಾನೆಯ ಆಚೆ ಬದಿಗೆ ಉತ್ತರ ಪುಲ್‌ಮನ್ ಇದೆ, ಅದೇ ಕಂಪನಿಯ ಸಾಲುಮನೆಗಳು. ದುರಸ್ತಿ ಹಣ ಇಲ್ಲಿಗೆ ತಡವಾಗಿ ಬಂತು, ಹಾಗಾಗಿ ಸಾಲಿನ ನಡುವೆ ಖಾಲಿ ನಿವೇಶನಗಳು ಸಿಗುತ್ತವೆ. ಒಂದು ಮನೆ ಬಿದ್ದಲ್ಲಿ ನೆರೆಮನೆಯ ಜಂಟಿ ಗೋಡೆ ಬಯಲಾಗಿ, ತೊಲೆ ಕೂರುತ್ತಿದ್ದ ಗೂಡುಗಳ ಸಾಲು ಕಾಣುತ್ತಿದ್ದರೆ ನಿಂತು ನೋಡಿ: ಸಾಲುಮನೆ ಹೇಗೆ ನಿಂತಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

104ನೇ ರಸ್ತೆಯ ಹತ್ತಿರ, ಮೇರಿಲ್ಯಾಂಡ್ ಅವೆನ್ಯೂದ ಇಂಥದೇ ಸಾಲುಮನೆಯಲ್ಲಿ ಎ. ಫಿಲಿಪ್ ರಾಂಡಾಲ್ಫ್ ಪುಲ್‌ಮನ್ ಪೋರ್ಟರ್ ಮ್ಯೂಸಿಯಂ ಇದೆ. ಬೋಗಿಗಳಲ್ಲಿ ಹಾಸಿಗೆ ಹಾಸುತ್ತಿದ್ದ ಕರಿಯ ಪೋರ್ಟರುಗಳಿಗೆ ಪುಲ್‌ಮನ್ ಕಟ್ಟಿಸಿದ ಈ ಊರಿನಲ್ಲಿ ಮನೆಯಿರಲಿಲ್ಲ. ಅವರು 1925ರಲ್ಲಿ ರಾಂಡಾಲ್ಫ್ ಮುಂದಾಳ್ತನದಲ್ಲಿ ಸಂಘ ಕಟ್ಟಿ, 1937ರಲ್ಲಿ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಗಡಿಯಾರ ಗೋಪುರದಿಂದ ಇಲ್ಲಿಗೆ ಸುಮಾರು ಒಂದೂವರೆ ಕಿಲೋಮೀಟರ್. ಮ್ಯೂಸಿಯಂ ವರ್ಷವಿಡೀ, ವಾರವಿಡೀ ತೆರೆದಿರುವುದಿಲ್ಲ. ಮುಂಚೆಯೇ ಫೋನು ಮಾಡಿ, ತೆರೆದಿದೆ ಎಂದಾದರೆ ಇದನ್ನೇ ಬೆಳಿಗ್ಗೆ ಮೊದಲು ಮುಗಿಸಿಕೊಂಡು ದಕ್ಷಿಣಕ್ಕೆ ಇಳಿಯಿರಿ.