ತೊಳೆದಿಟ್ಟ ಡಬ್ಬಿ

ನನ್ನ ಕೆಲಸ ಹುಬ್ಬಳ್ಳಿಯಲ್ಲಿ, ಮನೆ ಧಾರವಾಡದಲ್ಲಿ. ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕ ದಿನ ನಾಟಕ ಬರೆಯುತ್ತೇನೆ, ಸಿಗದ ದಿನ ಕಂಬ ಹಿಡಿದು ನಿಂತು ಬೈದುಕೊಳ್ಳುತ್ತೇನೆ. ಹಾಗೆ ಬರೆದ ಒಂದು ಕೊಲೆ ನಾಟಕದ ಕತೆ ಇದು. ನಮ್ಮದು ಹವ್ಯಾಸಿ ತಂಡ, ಎಂಟು ಜನ. ಮೂರು ಶೋ ಮಾಡಿದೆವು. ಮೊದಲನೆಯದನ್ನು ನಾನೇ ಕೈಯಾರೆ ಕೆಡಿಸಿದೆ.

ನಾಟಕ ನಡೆಯೋದು 2014ರ ಧಾರವಾಡದಲ್ಲಿ. ಒಬ್ಬ ಹೈಸ್ಕೂಲ್ ಮಾಸ್ತರನ ಹೆಣ ಕೆಲಗೇರಿ ಕೆರೆಯಲ್ಲಿ ಸಿಗುತ್ತದೆ. ಅವನ ಊಟದ ಡಬ್ಬಿ ಮಾತ್ರ ಹುಬ್ಬಳ್ಳಿಯ ಒಂದು ಫೋಟೋ ಸ್ಟುಡಿಯೋದಲ್ಲಿ. ಸ್ಟುಡಿಯೋದವನಿಗೂ ಮಾಸ್ತರನಿಗೂ ಏಳು ವರ್ಷದ ಪ್ರೀತಿ. ಕೊಂದವನು ಅವನಲ್ಲ. ಮಾಸ್ತರನ ಓಣಿಯಲ್ಲೇ ಇದ್ದು, ಪೊಲೀಸರಿಗೆ ಚಹಾ ತಂದುಕೊಟ್ಟು, ಪಂಚನಾಮೆಗೆ ಸಹಿ ಹಾಕುವ ಒಬ್ಬ ಪರೋಪಕಾರಿ. ಇವರಿಬ್ಬರ ವಿಷಯ ಗೊತ್ತು ಮಾಡಿಕೊಂಡು ತಿಂಗಳಾ ತಿಂಗಳಾ ದುಡ್ಡು ಕೀಳುತ್ತಿರುತ್ತಾನೆ. ಮಾಸ್ತರ ಇನ್ನು ಕೊಡಲ್ಲ ಅಂದ ದಿನ ಕೊಲೆ.

2014 ಯಾಕೆ ಅಂದರೆ, ಬೆದರಿಸುವವನ ಕೈಗೆ ಕಾನೂನೇ ಕೋಲು ಕೊಟ್ಟಿದ್ದ ಕಾಲ ಅದು. ಗಂಡಸರಿಬ್ಬರು ಕೂಡಿದರೆ ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ಹಲ್ಲನ್ನು 2009ರಲ್ಲಿ ದೆಹಲಿ ಹೈಕೋರ್ಟ್ ಕಿತ್ತಿತ್ತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ತಳ್ಳಿಹಾಕಿತು. 10 ವರ್ಷದವರೆಗೆ ಜೈಲು, ಜೀವಾವಧಿಯೂ ಆಗಬಹುದು ಅನ್ನುವ ಕಾನೂನು ಮತ್ತೆ ಎದ್ದು ಕೂತಿತು. ವಯಸ್ಸಿಗೆ ಬಂದವರು ಒಪ್ಪಿ ಕೂಡಿದರೆ ಅಪರಾಧವಲ್ಲ ಅಂತ ಅದೇ ಕೋರ್ಟ್ ಹೇಳಲು 2018ರ ಸೆಪ್ಟೆಂಬರ್ 6 ಬರಬೇಕಾಯಿತು. ಆ ನಡುವಿನ ಸಂದಿಯಲ್ಲಿ ನನ್ನ ಕೊಲೆಗಾರ ಕೂತಿದ್ದಾನೆ. ಇಂಗ್ಲೆಂಡಿನಲ್ಲಿ 1885ರ ಇಂಥದೇ ಕಾನೂನಿಗೆ 'ಬ್ಲ್ಯಾಕ್‌ಮೇಲರ್‌ಗಳ ಸನ್ನದು' ಅಂತಲೇ ಅಡ್ಡಹೆಸರಿತ್ತು.

ಇಷ್ಟೆಲ್ಲ ತಿಳಿದುಕೊಂಡೂ ಮೊದಲ ಶೋದಲ್ಲಿ ಜಾಣತನ ತೋರಿಸಲು ಹೋದೆ. ಇಬ್ಬರ ಪ್ರೀತಿಯನ್ನು ಕೊನೆಯವರೆಗೆ ಮುಚ್ಚಿಟ್ಟೆ. ಇಂಟರ್ವಲ್‌ನಲ್ಲಿ ಚೀಟಿ ಹಂಚಿ 'ಕೊಂದವರು ಯಾರು, ಯಾಕೆ ಹಾಗನ್ನಿಸಿತು' ಅಂತ ಕೇಳಿದೆವು. ಮುಕ್ಕಾಲು ಪಾಲು ಜನ ಸ್ಟುಡಿಯೋದವನೇ ಅಂದರು. ಕಾರಣ? ಡಬ್ಬಿ ತೊಳೆದಿಟ್ಟಿದ್ದಾನೆ, ಅಂದರೆ ವಿಷ ಹಾಕಿ ಸಾಕ್ಷಿ ಅಳಿಸಿದ್ದಾನೆ. ನಾನು ಒಳಗೊಳಗೇ ಖುಷಿಪಟ್ಟೆ. ದಾರಿ ತಪ್ಪಿಸಬೇಕು ಅಂತಲೇ ಇಟ್ಟ ಡಬ್ಬಿ ಅಲ್ವಾ ಅದು.

ಕೊನೆಯ ದೃಶ್ಯದ ಹಿಂದಿನದರಲ್ಲಿ ಗುಟ್ಟು ಬಯಲಾಯಿತು. ಹಿಂದಿನ ಸಾಲಿನಿಂದ ಒಂದು ಶಿಳ್ಳೆ, ಆಮೇಲೆ ನಗು. ಅದಾದ ಮೇಲೆ ಕೊಲೆಗಾರ ಸಿಕ್ಕಿಬಿದ್ದದ್ದು, ಪ್ರತಿ ತಿಂಗಳು 5ನೇ ತಾರೀಕಿಗೆ ಅಷ್ಟೇ ದುಡ್ಡು ತೆಗೆದ ಪಾಸ್‌ಬುಕ್ಕು, ಯಾವುದೂ ಯಾರಿಗೂ ಬೇಕಾಗಿರಲಿಲ್ಲ. ಹೊರಗೆ ಚಹಾ ಕುಡಿಯುವಾಗ ಒಬ್ಬರು ಬೆನ್ನು ತಟ್ಟಿದರು. "ಕಡೀಗೆ ಬರೋ ಟ್ವಿಸ್ಟ್ ಮಸ್ತ್ ಐತಿ ಬಿಡ್ರಿ, ಗೊತ್ತ ಆಗ್ಲಿಲ್ಲ." ಕೊಲೆಗಾರನ ಬಗ್ಗೆ ಹೇಳ್ತಿದ್ದೀರಾ ಅಂದೆ. "ಏ, ಅದಲ್ಲರೀ. ಅವರಿಬ್ಬರದು."

ಆ ಮಾತು ಬಹಳ ದಿನ ಚುಚ್ಚಿತು. ಹೆಣ ಬಚ್ಚಿಟ್ಟ ಹಾಗೆ ನಾನು ಅವರ ಪ್ರೀತಿಯನ್ನು ಬಚ್ಚಿಟ್ಟಿದ್ದೆ. ಜನ ಅದನ್ನೇ ಕೊಲೆ ಅಂದುಕೊಂಡರು. ತಪ್ಪು ಅವರದಲ್ಲ.

ಹೊಸದಾಗಿ ಬರೆದೆ. ಗುಟ್ಟನ್ನು ಮೊದಲ ದೃಶ್ಯಕ್ಕೇ ತಂದೆ. ಸ್ಟುಡಿಯೋದ ಶಟರ್ ಅರ್ಧ ಇಳಿದಿದೆ. ಸ್ಟೂಲಿನ ಮೇಲೆ ಹಳೇ ಪೇಪರ್. ಮಾಸ್ತರ ಡಬ್ಬಿ ಬಿಚ್ಚುತ್ತಾನೆ. ಮೇಲೆ ಮಡಚಿಟ್ಟ ಜೋಳದ ರೊಟ್ಟಿ, ಕೆಳಗೆ ಬದನೆಕಾಯಿ ಎಣ್ಣೆಗಾಯಿ, ಬದಿಗೆ ಶೇಂಗಾ ಹಿಂಡಿ. ಸ್ಟುಡಿಯೋದವ ಒಂದು ತುತ್ತು ತಿಂದು "ಖಾರ ಆತು" ಅನ್ನುತ್ತಾನೆ. ಮಾಸ್ತರ ಮಾತಾಡೋದಿಲ್ಲ. ಮೊಸರಿನ ಪಾಕೀಟಿನ ಮೂಲೆ ಹಲ್ಲಿನಲ್ಲಿ ಹರಿದು ಅವನ ರೊಟ್ಟಿಯ ಮೇಲೆ ಹಿಂಡುತ್ತಾನೆ. ಉಂಡ ಮೇಲೆ ಸ್ಟುಡಿಯೋದವ ಹೇಳುವ ಮಾತು: "ಇಡ್ರಿ, ನಾ ತೊಳದ ಇಡ್ತೇನಿ. ನಾಳೆ ಬಂದಾಗ ಒಯ್ರಿ." ಇಷ್ಟೇ, ನಾಲ್ಕು ನಿಮಿಷ. ಮುಟ್ಟೋದೂ ಇಲ್ಲ, ಹಾಡೂ ಇಲ್ಲ.

ನಟರು ಒಂದು ಪದ ಕೇಳಿದರು. ಅವರಿಬ್ಬರನ್ನು ಏನಂತ ಕರೆಯೋದು? ಪೇಪರಿನವರ 'ಸಲಿಂಗಕಾಮಿ'ಯಲ್ಲಿ ಕಾಮ ಅಂಟಿಕೊಂಡೇ ಬರುತ್ತದೆ, ಅದನ್ನು ಇನ್ಸ್‌ಪೆಕ್ಟರ್ ಬಾಯಿಗೆ ಬಿಟ್ಟೆ. 'ಗೇ' ಅಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ನನ್ನ ಮಾಸ್ತರ ಹಾಗೆ ಮಾತಾಡುವವನಲ್ಲ. ಕೊನೆಗೆ ನಮ್ಮ ಕಡೆಯ ಮಾತೇ ಕೈ ಹಿಡಿಯಿತು. ಠಾಣೆಯಲ್ಲಿ ಸ್ಟುಡಿಯೋದವ ಹೇಳುತ್ತಾನೆ, "ನಾ ಅವರ ಜೋಡಿ ಇದ್ದೆ ರೀ." ಇನ್ಸ್‌ಪೆಕ್ಟರ್ ಅದನ್ನು 'ಆ ಹೊತ್ತಿಗೆ ಜೊತೆಗಿದ್ದ' ಅಂತ ಬರೆದುಕೊಳ್ಳುತ್ತಾನೆ. ಕೂತ ಜನಕ್ಕೆ ಇನ್ನೊಂದು ಅರ್ಥವೂ ಕೇಳಿಸುತ್ತದೆ. ಬೆಂಗಳೂರಿನವರಿಗೆ ಇದು ದಕ್ಕೋದು ಅನುಮಾನ.

ಹುಬ್ಬಳ್ಳಿಯಲ್ಲಿ ಬುಕ್ ಮಾಡಿದ್ದ ಹಾಲಿನವರು ಕತೆ ಕೇಳಿ ಎರಡು ದಿನ ಮೊದಲು ಅಡ್ವಾನ್ಸ್ ವಾಪಸ್ ಕೊಟ್ಟರು. ಗೆಳೆಯನ ಗೋದಾಮಿನಲ್ಲಿ ಮಾಡಿದೆವು. ಸಿಕ್ಕಾಪಟ್ಟೆ ಸೆಕೆ, ಜನ ಕಡಿಮೆ. ಅದರ ಬಗ್ಗೆ ಹೇಳೋದು ಜಾಸ್ತಿ ಇಲ್ಲ.

ಹೇಳಬೇಕಾದ್ದು ಗದಗಿನದು. ಗರುಡ ಸದಾಶಿವರಾಯರ ಕಂಪನಿ ಇದ್ದ ಊರು, ನಾಟಕ ನೋಡಿ ಪಳಗಿದ ಕಣ್ಣು. ಹತ್ತು ನಿಮಿಷಕ್ಕೆ ಎರಡು ಕುಟುಂಬ ಎದ್ದು ಹೋದವು. ಒಬ್ಬರು "ಕೊಲಿ ಚಲೋ ಐತಿ, ಇದೊಂದು ಬ್ಯಾಡಾಗಿತ್ತು" ಅಂದರು. ಉಳಿದವರು ಮಾತ್ರ ಕೊಲೆಗಾರನನ್ನು ಹುಡುಕಲು ಕೂತರು! ಚೀಟಿಗಳಲ್ಲಿ ಒಂದಲ್ಲ, ನಾಲ್ಕು ಹೆಸರು ಬಂದವು. ಮೂವರು ಪಾಸ್‌ಬುಕ್ಕಿನ 5ನೇ ತಾರೀಕು ಗುರುತಿಸಿದ್ದರು. ಧೋತರದ ಒಬ್ಬ ಅಜ್ಜ ಚೀಟಿ ಬರೆಯದೆ ನೇರ ನನ್ನ ಹತ್ತಿರ ಬಂದರು. "ತಮ್ಮಾ, ಡಬ್ಬಿ ತೊಳದ ಇಟ್ಟಾನ. ಅಂದ್ರ ಮರುದಿನ ಅಂವ ಬರ್ತಾನಂತ ಇಂವ ತಿಳಕೊಂಡಾನ. ಇಂವ ಹೆಂಗ ಕೊಲ್ತಾನ?"

ಅದೇ ಡಬ್ಬಿ. ಠಾಣೆಯ ದೃಶ್ಯದಲ್ಲಿ ಅದರ ಬಗ್ಗೆ ಒಂದು ಅಕ್ಷರ ಬದಲಿಸಿರಲಿಲ್ಲ.

ಶೋ ಮುಗಿದ ಮೇಲೆ ಕಾಲೇಜು ಹುಡುಗನೊಬ್ಬ ಕುರ್ಚಿ ಮಡಚಲು ಕೈಗೂಡಿಸಿದ. ಕೊನೆಯ ಕುರ್ಚಿ ಇಡುತ್ತಾ ಕೇಳಿದ: "ಸರ್, ಪ್ರತೀ ಸಲ ಇವರೇ ಯಾಕ ಸಾಯಬೇಕ್ರೀ?" ಕೊಲೆ ನಾಟಕಕ್ಕೆ ಒಂದು ಹೆಣ ಬೇಕಲ್ಲಪ್ಪ ಅಂದೆ. ಅವನು ನಗಲಿಲ್ಲ. ಅವನ ಪ್ರಶ್ನೆ ಹಳೇದು. 1979ರಲ್ಲಿ ನ್ಯೂಯಾರ್ಕಿನಲ್ಲಿ 'ಕ್ರೂಸಿಂಗ್' ಅನ್ನುವ ಸಿನಿಮಾ ಶೂಟಿಂಗ್ ನಡೆದಾಗ, ಗೇ ಅಂದರೆ ಕೊಲ್ಲುವವರು ಇಲ್ಲವೇ ಸಾಯುವವರು ಅಂತ ತೋರಿಸ್ತಾರೆ ಅಂತ ಅಲ್ಲಿನ ಗೇ ಜನರೇ ಬೀದಿಗಿಳಿದು, ಶಿಳ್ಳೆ ಊದಿ ಸೌಂಡ್ ಕೆಡಿಸಿದ್ದರು. ನನ್ನ ಹತ್ತಿರ ಆ ಹುಡುಗನಿಗೆ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಮಾಸ್ತರ ಸಾಯುವ ಮೊದಲು ನಾಲ್ಕು ನಿಮಿಷ ಉಂಡ. ನಾನು ಮಾಡಿದ್ದು ಅಷ್ಟೇ.

ಡಬ್ಬಿ ನಮ್ಮವ್ವಂದು. ನಾಟಕಕ್ಕೆ ಅಂತ ಪಾತ್ರೆ ಅಂಗಡಿಯಲ್ಲಿ ಮಾಸ್ತರನ ಇನಿಶಿಯಲ್ ಕೆತ್ತಿಸಿದ್ದೆ. ವಾಪಸ್ ಕೊಟ್ಟಾಗ ಕನ್ನಡಕ ಮೇಲೇರಿಸಿ ನೋಡಿದಳು. "ನನ್ನ ಹೆಸರಿನ ಬಾಜೂಕ ಯಾರದೋ ಹೆಸರು ಕೆತ್ತಿಸಿಯಲ್ಲೋ! ಯಾಂವ ಇಂವ?" ಸತ್ತಾನ ಬಿಡವಾ ಅಂದೆ. ಡಬ್ಬಿ ಮೂಸಿ ನೋಡಿ ಮತ್ತೊಂದು ಸಲ ತೊಳೆಯಲು ಒಯ್ದಳು.